ಕೈ. ಸೌ. ಕಲ್ಲವ್ವ

ಒತ್ತುತ್ತದೆ, ಎಡಗಡೆ ಅಲ್ಲ, ಬಲಗಡೆ, ಏನೂ ಇಲ್ಲದ ಕಡೆಯೇ ಒತ್ತುತ್ತದೆ, ದೋಣಿಯವರ ಈ ಹುಡುಗಿ ಲೈಫ್ ಜಾಕೀಟಿನ ಪಟ್ಟಿ ಹಿಡಿದು ಎಳೆಯುತ್ತಲೇ ಇದ್ದಾಳೆ, ಕಾಕೂ, ಘಟ್ಟ್ ಝಾಲಂ ಕಾ, ಬಿಗಿಯಾಯಿತೇ ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯದೆ ಇನ್ನೊಂದು ಸಲ ಎಳೆಯುತ್ತಾಳೆ, ಒಳಗೆ ಎದೆಯ ಬದಲಿಗೆ ಇಟ್ಟ ಸಾಸಿವೆ ಚೀಲ ಜಾರಿ ಕೊರಳೆಲುಬಿನ ಹತ್ತಿರ ಬಂತು, ಶಿವನೇ, ಈಗ ಆ ಕಡೆ ತಿರುಗಿ ಕೆಮ್ಮಿದ ಹಾಗೆ ಮಾಡಿ ಅದನ್ನು ಕೆಳಗೆ ನೂಕಬೇಕು, ಐದು ವರ್ಷದಲ್ಲಿ ಈ ಕೆಮ್ಮನ್ನು ಎಷ್ಟು ಚೆನ್ನಾಗಿ ಕಲಿತಿದ್ದೇನೆಂದರೆ ಫ್ಯಾಕ್ಟರಿಯ ಸ್ಟೋರಿನಲ್ಲಿ ಎಲ್ಲರೂ ಕಲ್ಪನಾ ಮೇಡಮ್‌ಗೆ ಧೂಳು ಆಗಿಬರುವುದಿಲ್ಲ ಎಂದು ತಿಳಿದಿದ್ದಾರೆ. ತಿಳಿಯಲಿ. ಗರ್ಭಕೋಶದ ಆಪರೇಷನ್ ಎಂದು ಹೇಳಿ ಎಂಟು ತಿಂಗಳು ರಜೆ ಹಾಕಿದಾಗಲೂ ತಿಳಿದುಕೊಂಡರು, ಬೋಳು ತಲೆಗೆ ದುಪಟ್ಟಾ ಸುತ್ತಿಕೊಂಡು ಬಂದು ತಿರುಪತಿಯಲ್ಲಿ ಮುಡಿ ಕೊಟ್ಟೆ ಎಂದಾಗ ಲಾಡು ಎಲ್ಲಿ ಎಂದು ಕೇಳಿದರು, ಪುಣೆಯ ಮಗ್ಗುಲಿನ ಚಾಕಣದಲ್ಲಿ ತಿರುಪತಿ ಲಾಡು ಎಲ್ಲಿಂದ ತರಲಿ, ಸದಾಶಿವ ಪೇಠೆಯ ಮಿಠಾಯಿ ಅಂಗಡಿಯಿಂದ ಬೂಂದಿ ಲಾಡು ತಂದು ಪುಡಿ ಮಾಡಿ ಹಂಚಿದೆ, ತಿಂದು ಕಣ್ಣಿಗೊತ್ತಿಕೊಂಡರು. ಹುಡುಗಿ ಕೊರಳಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿದಳು, ಮೊಬೈಲ್ ಇದರಲ್ಲಿ ಇಡಿ ಕಾಕೂ, ನೀರು ಹೋಗುವುದಿಲ್ಲ, ಚೀಲದ ಬಾಯಿಗೆ ಗಟ್ಟಿ ಕ್ಲಿಪ್ಪು, ಟಕ್ ಎಂದು ಮುಚ್ಚಿಕೊಂಡಿತು — ನಮ್ಮ ಬಾಲ್ಕನಿಯ ಬಟ್ಟೆ ಕ್ಲಿಪ್ಪಿನದೇ ಸದ್ದು, ನಮ್ಮ ಮನೆಯವರ ಕೈಯಲ್ಲಿ ಅದು ತೆರೆಯುವುದು ಮುಚ್ಚುವುದು, ಬೆನ್ನು ನನ್ನ ಕಡೆ, ಕಿವಿಯಲ್ಲಿ ಫೋನು, ಯಾವತ್ತು ಅದು, ಯಾಕೆ ನೆನಪಾಯಿತೋ, ಇರಲಿ, ಬಸ್ಸಿನಿಂದ ಇಳಿದವರೆಲ್ಲ ಆಗಲೇ ನೀರಿನ ಹತ್ತಿರ ಹೋಗಿದ್ದಾರೆ.

ಕಂಪನಿ ಬಸ್ಸು, ಕಂಪನಿ ಟೀ ಶರ್ಟು, ಬೆನ್ನ ಮೇಲೆ ಗುಲಾಬಿ ಅಕ್ಷರದಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಹುಟ್ಟು ಹಾಕೋಣ ಎಂದು ಇಂಗ್ಲಿಷಿನಲ್ಲಿ, ಪ್ರತಿ ವಿಭಾಗದಿಂದ ಇಬ್ಬರು ಬರಲೇಬೇಕು, ಸ್ಟೋರಿನಿಂದ ಯಾರು, ಕಲ್ಪನಾ ಮೇಡಮ್ ಹೋಗಲಿ, ಅವರಿಗೆ ಮಗಳ ಮದುವೆ ಆಗಿ ಮನೆಯಲ್ಲಿ ಏನು ಕೆಲಸ, ಭಾನುವಾರ ಬೆಳಗ್ಗೆ ಖಡಕವಾಸ್ಲಾ ನೋಡಿಕೊಂಡು ಬರಲಿ. ಒಲ್ಲೆ ಎನ್ನಬಹುದಿತ್ತು, ಒಲ್ಲೆ ಎಂದರೆ ಯಾಕೆ ಎನ್ನುತ್ತಿದ್ದರು, ಯಾಕೆ ಎನ್ನುವುದಕ್ಕೆ ನನ್ನ ಹತ್ತಿರ ಇನ್ನು ಸುಳ್ಳು ಉಳಿದಿಲ್ಲ. ಮನೆಯಲ್ಲಿ ಹೇಳಿದೆ, ನಾಳೆ ಕಂಪನಿ ಪಿಕ್ನಿಕ್ ಅದರಿ, ಇವರು ಪೇಪರಿನಿಂದ ತಲೆ ಎತ್ತದೆ ಹೋಗಿ ಬಾ ಎಂದರು, ಎಲ್ಲಿ ಏನು ಎಂದು ಕೇಳಲಿಲ್ಲ, ಕೇಳಿದ್ದರೆ ಏನು ಮಾಡುತ್ತಿದ್ದರೋ ಈಗ ನೋಡಬೇಕಿತ್ತು. ನೀರಂತೂ ಚೆನ್ನಾಗಿದೆ, ಅಣೆಕಟ್ಟಿನ ಹಿಂದೆ ಇಷ್ಟು ಅಗಲ ಇದೆ ಎಂದು ಗೊತ್ತಿರಲಿಲ್ಲ, ಮೂವತ್ತು ವರ್ಷದಿಂದ ಇದೇ ನೀರು ಕುಡಿಯುತ್ತಿದ್ದೇನೆ, ದಂಡೆಯಲ್ಲಿ ನಿಂತು ಜೋಳದ ತೆನೆ ತಿಂದು ಹೋದದ್ದು ಬಿಟ್ಟರೆ ಇಷ್ಟು ಹತ್ತಿರ ಬಂದವಳಲ್ಲ. ಕೆಸರಿನ ಮೇಲೆ ಸಾಲಾಗಿ ದೋಣಿ, ಹಳದಿ ಕೆಂಪು ಪ್ಲಾಸ್ಟಿಕ್, ಇಬ್ಬಿಬ್ಬರು ಕೂರುವಂಥವು, ಒಂದೊಂದರ ಮೂತಿಗೂ ಒಂದು ರಿಬ್ಬನ್ನು, ಒಂದು ಕಾರ್ಡು. ಹಳದಿ ರಿಬ್ಬನ್ನಿನವರು ಗೆದ್ದವರು, ಬಿಳಿ ರಿಬ್ಬನ್ನಿನವರು ನಮ್ಮನ್ನು ಅಗಲಿದವರು, ಮೈಕಿನಲ್ಲಿ ಡಾಕ್ಟರಮ್ಮ, ಇಲ್ಲಿಯವರ ಡಾಕ್ಟರ್ ಬಾಯಿ, ಹೇಳುತ್ತಾರೆ, ಸಂಶೋಧನೆಗೆ ತಮ್ಮ ರಕ್ತ ಕೊಟ್ಟ ಹೆಣ್ಣುಮಕ್ಕಳ ಹೆಸರು ಇವು, ನಿಮಗೆ ಬೇಕಾದ ಹೆಸರನ್ನು ಆರಿಸಿಕೊಳ್ಳಿ, ಇವತ್ತು ಅವರನ್ನು ನಿಮ್ಮ ಜೊತೆ ನೀರಿಗೆ ಕರೆದುಕೊಂಡು ಹೋಗಿ. ಗೆದ್ದವರಂತೆ. ಯಾರ ಸಂಗಡ ಕುಸ್ತಿ ಆಡಿದೆವು ನಾವು. ಎಲ್ಲರೂ ಹಳದಿಯ ಕಡೆಗೇ ಓಡುತ್ತಿದ್ದಾರೆ, ಹಳದಿಗೆ ಫೋಟೋ ಚೆನ್ನಾಗಿ ಬರುತ್ತದೆ, ಬಿಳಿಯವು ಕೊನೆಗೆ ಉಳಿಯುತ್ತವೆ, ನೋಡೋಣ, ಯಾರ್ಯಾರು ಹೋದರೋ, ಆ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಶಿರವಳದ ಮುದುಕಿ ಇರಬಹುದು, ಬಾಯಿ ಹುಣ್ಣಾಗಿ ಹಾಲೂ ಸೇರದೆ ದಿನವೆಲ್ಲ ಊರಿನ ಎಮ್ಮೆ ಸುದ್ದಿ ಹೇಳುತ್ತಿದ್ದಳು, ಮೊದಲನೆಯ ಕಾರ್ಡು ಯಾರೋ ಕುಲಕರ್ಣಿ, ಎರಡನೆಯದು ಶೇಖ್, ಮೂರನೆಯದು —

ಕೈ. ಸೌ. ಕಲ್ಲವ್ವ ಕಾಶಪ್ಪ ಬಳಿಗಾರ. ಇನ್ನೊಂದು ಸಲ ಓದಿದೆ. ಮರಾಠಿಯಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ, ಎರಡರಲ್ಲೂ ನಾನೇ. ಕೈ. ಎಂದರೆ ಕೈಲಾಸವಾಸಿ, ಇಲ್ಲಿನವರು ಸತ್ತವರ ಹೆಸರಿನ ಮುಂದೆ ಹಾಕುವುದು, ಸೌ. ಎಂದರೆ ಸೌಭಾಗ್ಯವತಿ, ಗಂಡ ಇರುವಾಗಲೇ ಹೋದವಳು, ಪುಣ್ಯವಂತೆ, ಹಸಿರು ಸೀರೆ ಉಡಿಸಿ ಕಳಿಸುತ್ತಾರೆ. ಪುಣೆ ತುಂಬ ಇಂಥ ಹಲಗೆ ನೋಡಿದ್ದೇನೆ, ಬಸ್ ಸ್ಟಾಪಿನ ಬೆಂಚಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕೈ. ಸೌ. ಇಂಥವರ ಸ್ಮರಣಾರ್ಥ, ಆ ಬೆಂಚಿನ ಮೇಲೆ ಕೂತು ಶೇಂಗಾ ತಿಂದಿದ್ದೇನೆ. ಬೇರೆ ಯಾರೋ ಇರಬೇಕು, ಆದರೆ ಪುಣೆಯಲ್ಲಿ ಎಷ್ಟು ಜನ ಕಲ್ಲವ್ವಂದಿರು, ಅದರಲ್ಲಿ ಎಷ್ಟು ಜನಕ್ಕೆ ಕಾಶಪ್ಪ ಗಂಡ. ಮದುವೆಯಲ್ಲಿ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಕಲ್ಪನಾ ಎಂದು ಬರೆದು ಹೆಸರು ಬದಲಿಸಿದರು, ಕಲ್ಲವ್ವ ಅನ್ನೋದು ಪುಣೆದಾಗ ಚಲೋ ಕಾಣಸೂದಿಲ್ಲ ಎಂದರು ಅತ್ತೆ, ಹಳೇ ಹೆಸರು ಆಧಾರ್ ಕಾರ್ಡಿನಲ್ಲಿ ಉಳಿಯಿತು, ದವಾಖಾನೆಯಲ್ಲಿ ಉಳಿಯಿತು, ಈಗ ಇಲ್ಲಿ. ಕೆಳಗೆ ಹುಟ್ಟಿದ ಇಸವಿ, ಸರಿಯಾಗಿದೆ, ಸತ್ತ ದಿನ ೧೫ ಜೂನ್ ೨೦೨೪, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕುಟುಂಬದವರ ಮಾತು — ತೀ ಫಾರ್ ಧೀರಾಚೀ ಹೋತೀ. ಬಹಳ ಧೈರ್ಯದ ಹೆಂಗಸಾಗಿದ್ದಳು. ಯಾರು ಹೇಳಿದರು ಇದನ್ನು, ಕುಟುಂಬ ಎಂದರೆ ಯಾರು, ಸ್ನೇಹಲ್ ಹೇಳಿರಲಾರಳು, ತಾಯಿ ಸತ್ತಳು ಎಂದು ಯಾವ ಮಗಳು ಹೇಳುತ್ತಾಳೆ, ಇನ್ನು ಉಳಿದವರು ಒಬ್ಬರೇ, ಮೂವತ್ತು ವರ್ಷದಲ್ಲಿ ನನ್ನ ಎದುರಿಗೆ ಇಂಥ ಒಂದು ಮಾತು ಆಡಿದವರಲ್ಲ, ಸಾರಿಗೆ ಉಪ್ಪು ಸರಿ ಬಿದ್ದ ದಿನ ಸುಮ್ಮನೆ ಉಂಡು ಏಳುವುದೇ ಅವರ ಹೊಗಳಿಕೆ, ಸತ್ತ ಮೇಲೆ ಧೀರಳಾದೆ ನಾನು, ಅದೂ ಮರಾಠಿಯಲ್ಲಿ.

ಮೇಡಮ್, ಇದು ಬೇಡ, ಹಿಂದಿನಿಂದ ಮಿಥುನ, ಕ್ವಾಲಿಟಿ ವಿಭಾಗದ ಹುಡುಗ, ತುಮಕೂರಿನವನು, ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ಕೈ ಹಾಕಿ ಪರಿಚಯವಾದವನು, ಆ ಕಡೆ ಯೆಲ್ಲೋ ರಿಬ್ಬನ್‌ದು ಒಂದಿದೆ, ಅದನ್ನ ತಗೊಳ್ಳೋಣ, ಇದ್ಯಾಕೋ ಸ್ಯಾಡ್ ಆಗುತ್ತೆ. ಬಗ್ಗಿ ಕಾರ್ಡು ಓದಿದ, ಅಯ್ಯೋ, ಕನ್ನಡದವರು ಮೇಡಮ್, ಕಲ್ಲವ್ವ ಅಂತೆ, ನಲವತ್ತೊಂಬತ್ತೇ ವರ್ಷ, ಪಾಪ ಅಲ್ವಾ. ಹೌದು ಪಾಪ, ನನ್ನ ಅಡ್ಡಹೆಸರು ಇವನಿಗೆ ಗೊತ್ತಿಲ್ಲ, ಫ್ಯಾಕ್ಟರಿಯವರಿಗೆಲ್ಲ ನಾನು ಬರೀ ಕಲ್ಪನಾ ಮೇಡಮ್. ಬ್ಯಾಡಪ್ಪ, ಇದೇ ಇರಲಿ ಎಂದೆ. ನನ್ನ ದನಿಯೇ, ಸರಿಯಾಗಿಯೇ ಬಂತು. ನನ್ನ ದೋಣಿಯಲ್ಲಿ ಮಾರ್ಕೆಟಿಂಗಿನ ಆ ಇಬ್ಬರು ಹುಡುಗಿಯರು ಕೂತು ಸೆಲ್ಫಿ ತೆಗೆಯುವುದು ಬೇಡ. ನೀವು ಫ್ರಂಟಲ್ಲಿ ಕೂತ್ಕೊಳ್ಳಿ ಮೇಡಮ್, ನಾನು ಹಿಂದೆ ಕಂಟ್ರೋಲ್ ಮಾಡ್ತೀನಿ, ಭಯ ಬೀಳಬೇಡಿ, ಜಾಕೆಟ್ ಇದೆ, ಏನೂ ಆಗಲ್ಲ. ಏನು ಆಗಬೇಕಪ್ಪ ಇನ್ನು, ಆಗುವುದೆಲ್ಲ ಆಗಿ ತಾರೀಖು ಸಹಿತ ಬರೆದಿಟ್ಟಿದ್ದಾರೆ. ಕಾಲು ಚಾಚಿ ಕೂತೆ, ಕಾರ್ಡು ಸರಿಯಾಗಿ ನನ್ನ ಕಾಲಿನ ಮುಂದೆ, ಬೆನ್ನು ತಿರುಗಿಸಿಕೊಂಡಿದೆ, ಆದರೂ ಪ್ಲಾಸ್ಟಿಕ್ಕಿನ ಆಚೆಯಿಂದ ಅಕ್ಷರ ಉಲ್ಟಾ ಕಾಣುತ್ತವೆ, ಹುಡುಗಿ ನೂಕಿದಳು, ಕೆಳಗಿನ ಕೆಸರು ಬಿಟ್ಟುಹೋಯಿತು.

ಎಡಕ್ಕೆ, ಬಲಕ್ಕೆ, ಮಿಥುನ ಎಣಿಸುತ್ತಾನೆ, ಲೆಫ್ಟ್ ರೈಟ್ ಮೇಡಮ್, ನೀರನ್ನ ಹೊಡಿಬೇಡಿ, ಎಳೀರಿ, ಬಲಗೈ ಪೂರ್ತಿ ಎತ್ತಲಿಕ್ಕೆ ಬರುವುದಿಲ್ಲ, ಕಂಕುಳಲ್ಲಿ ಗಂಟು ತೆಗೆದ ಕಡೆ ಬಿಗಿಯುತ್ತದೆ, ಹುಟ್ಟಿನಿಂದ ನೀರು ಹಾರಿ ಕೊರಳೊಳಗೆ ಇಳಿಯಿತು, ತಣ್ಣಗೆ, ಚೀಲ ಒದ್ದೆಯಾಗುತ್ತಿದೆ, ಒದ್ದೆಯಾದರೆ ಸಾಸಿವೆ ಭಾರ. ತೂಕ ಬರಲಿ ಎಂದು ಸಾಸಿವೆ ತುಂಬುವುದನ್ನು ವಾರ್ಡಿನ ನರ್ಸೇ ಹೇಳಿಕೊಟ್ಟದ್ದು, ಬರೀ ಹತ್ತಿ ಆದರೆ ಎದೆ ಒಂದು ಕಡೆ ಮೇಲೇರುತ್ತದೆ. ಬಟ್ಟೆ ಇವರೇ ತಂದುಕೊಟ್ಟರು. ಅದನ್ನು ಹೇಳಲೇಬೇಕು. ಇವರ ಅಂಗಡಿ ಮ್ಯಾಚಿಂಗ್ ಸೆಂಟರು, ಯಾವ ಸೀರೆ ತಂದರೂ ಅದಕ್ಕೆ ಸರಿಹೊಂದುವ ಜಂಪರಿನ ಬಟ್ಟೆ ಕಣ್ಣಳತೆಯಲ್ಲೇ ಎಳೆದು ಕೊಡುತ್ತಾರೆ, ಪೇಠೆಯ ಹೆಂಗಸರೆಲ್ಲ ಬಳಿಗಾರಕಾಕಾ ಬಳಿಗಾರಕಾಕಾ ಎಂದು ಸಾಯುತ್ತಾರೆ, ಆವತ್ತು ರಾತ್ರಿ ಅಂಗಡಿ ಮುಚ್ಚಿ ಬಂದು ಒಂದು ತುಂಡು ಮೆತ್ತನೆ ಬಟ್ಟೆ ನನ್ನ ಮೊಣಕೈ ಪಕ್ಕ ಹಿಡಿದು ನೋಡಿದರು, ಅದೇ ಬಣ್ಣ, ನನ್ನ ಮೈಯದೇ, ಒಂದು ನೂಲು ಆಚೀಚೆ ಇಲ್ಲ, ಏನೂ ಮಾತಾಡದೆ ಕೊಟ್ಟು ಕೈಕಾಲು ತೊಳೆಯಲು ಹೋದರು, ನಾನು ಅತ್ತುಬಿಟ್ಟೆ, ಇಂಥ ಗಂಡ ಯಾರಿಗೆ ಇದ್ದಾರು ಎಂದು ಅತ್ತೆ. ಮಾರನೆಯ ದಿನ ಹೇಳಿದರು, ಆ ಸಾಸಿವಿ ಡಬ್ಬಿ ಅಡಗಿಮನ್ಯಾಗ ಇಡಬ್ಯಾಡ, ಬಂದವರು ಹೋದವರು ನೋಡ್ತಾರ, ಆ ಚೀಲಾ ಒಣಗ ಹಾಕೂಮುಂದ ಮ್ಯಾಲ ಟಾವೆಲ್ ಹಾಕು. ಹಾಕಿದೆ. ಐದು ವರ್ಷ ಟವೆಲಿನ ಕೆಳಗೇ ಒಣಗಿಸಿದ್ದೇನೆ, ಎರಡು ಕ್ಲಿಪ್ಪು ಟವೆಲಿಗೆ, ಒಂದು ಕ್ಲಿಪ್ಪು ಒಳಗೆ ಅದಕ್ಕೆ.

ಜೂನ್ ಹದಿನೈದು. ಎಲ್ಲೋ ಗೊತ್ತಿರುವ ತಾರೀಖು, ಯಾರದೋ ಹುಟ್ಟುಹಬ್ಬದ ಹಾಗೆ ನಾಲಿಗೆಯ ತುದಿಯಲ್ಲಿದೆ, ಹುಟ್ಟು ಎಳೆಯುತ್ತೇನೆ, ಜೂನ್ ಹದಿನೈದು, ಶನಿವಾರ, ರಜೆ ಹಾಕಿದ್ದೆ, ಕೊತ್ತಂಬರಿ ತಂದಿದ್ದೆ, ತೆಂಗಿನಕಾಯಿ ಒಡೆದರೆ ಕೆಟ್ಟಿತ್ತು, ಇನ್ನೊಂದು ತರಲು ನಾನೇ ಓಡಿದೆ — ಅಯ್ಯ ಶಿವನೇ, ಅವಲಕ್ಕಿ. ಆವತ್ತು ಅವಲಕ್ಕಿ ಮಾಡಿದ್ದೆ. ಭೋರದಿಂದ ಸ್ನೇಹಲಳನ್ನು ನೋಡಲು ಬಂದ ದಿನ. ಹುಡುಗ, ಅವನ ತಂದೆ ತಾಯಿ, ಸೋದರಮಾವ, ಭೋರದಲ್ಲಿ ದೊಡ್ಡ ಕಿರಾಣಿ ಅಂಗಡಿ, ನಮ್ಮವರೇ, ಅಜ್ಜನ ಕಾಲದಲ್ಲಿ ಇಂಡಿ ಕಡೆಯಿಂದ ಬಂದವರು, ಮನೆಯಲ್ಲಿ ಕನ್ನಡ ಇನ್ನೂ ಇದೆ, ಇಂಥ ಸಂಬಂಧ ಪುಣೆಯಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ. ಮುಂಚಿನ ದಿನ ರಾತ್ರಿ ಇವರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು, ಕಾಯಿಲಿ ಸುದ್ದಿ ಬಾಯಿ ತಪ್ಪಿ ಸುದ್ಧಾ ಬರಬಾರದು, ತಾಯಿಗಿತ್ತು ಅಂದ್ರ ಮಗಳನ್ನ ಯಾರೂ ಒಯ್ಯಂಗಿಲ್ಲ. ಸ್ನೇಹಲ್ ನನ್ನ ಮುಖ ನೋಡಿದಳು. ಇಪ್ಪತ್ತೆರಡನೆಯ ವಯಸ್ಸಿಗೆ ನನ್ನ ಗಾಯದ ನೀರಿಳಿಯುವ ಡ್ರೇನಿನ ಬಾಟಲಿ ಚೆಲ್ಲಿದವಳು, ವಾಂತಿ ಬಳಿದವಳು, ಅವ್ವಾ, ಮುಚ್ಚಿಟ್ಟು ಮದುವಿ ಆಗೂದು ಬ್ಯಾಡ ಎಂದಳು, ನಾನೇ ಅವಳ ಬಾಯಿ ಮುಚ್ಚಿಸಿದೆ, ಸುಮ್ನಿರ ತಾಯಿ, ನನ್ನ ಸಲುವಾಗಿ ನಿನ್ನ ಹಣೇಬರಾ ಯಾಕ ಕೆಡಬೇಕು. ಮಾರನೆಯ ದಿನ ಹಸಿರು ರೇಷ್ಮೆ ಉಟ್ಟು ತಟ್ಟೆ ಹಿಡಿದು ಬಂದಳು, ಅವಲಕ್ಕಿ ಚಲೋ ಆಗ್ಯಾವ್ರಿ ಬಾಯರ ಎಂದರು ಆ ಹುಡುಗನ ತಾಯಿ, ನಾನು ಸತ್ತ ದಿನ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಚಹಾ ಸೋಸುತ್ತಿದ್ದೆ, ಇವರ ಫೋನು ಬಂತು. ನೋಡಿದರು, ಒಂದ್ನಿಮಿಷರಿ ಎಂದು ಎದ್ದು ಬಾಲ್ಕನಿಗೆ ಹೋದರು, ಬಾಗಿಲು ಎಳೆದುಕೊಂಡರು, ಅಡುಗೆಮನೆಯ ಕಿಟಕಿಯಿಂದ ಬೆನ್ನು ಕಾಣುತ್ತಿತ್ತು, ಒಣಗುವ ಬಟ್ಟೆಯ ನಡುವೆ, ಕಿವಿಯಲ್ಲಿ ಫೋನು, ಇನ್ನೊಂದು ಕೈ ಮೇಲೆತ್ತಿ ತಂತಿಯ ಮೇಲಿನ ಕ್ಲಿಪ್ಪು ಹಿಡಿದುಕೊಂಡು ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು, ಅಂಗಡಿಯವರ ಫೋನು ಇರಬೇಕು ಎಂದುಕೊಂಡೆ, ಸೂರತ್ತಿನಿಂದ ಮಾಲು ತಡವಾಗಿರಬೇಕು. ಆವತ್ತು ಬೆಳಗ್ಗೆಯೇ ಹೇಳಿದ್ದರಲ್ಲ ಬಟ್ಟೆ ತೆಗೆ ಎಂದು, ಗಡಿಬಿಡಿಯಲ್ಲಿ ಮರೆತಿದ್ದೆ. ಒಳಗೆ ಬಂದರು, ನಕ್ಕರು, ಕೂತರು, ನಿಮ್ಮ ಒಪ್ಪಿಗಿ ಇದ್ರ ಲಗೂನ ಮುಗಿಸಿಬಿಡೋಣ್ರಿ, ಶುಭಕಾರ್ಯಕ್ಕ ತಡಾ ಯಾಕ ಎಂದರು. ಅವರ ಆತುರ ನೋಡಿ ನನಗೇ ನಾಚಿಕೆಯಾಗಿತ್ತು.

ಫೋನು ಅವರದು. ನಂಬರು ಅವರದು. ಬರೆಸಿದವಳು ನಾನು. ಆಪರೇಷನ್ನಿನ ವಾರ ಒಬ್ಬಳು ಕೂದಲು ಕತ್ತರಿಸಿಕೊಂಡ ಹುಡುಗಿ ಕಾಗದ ಹಿಡಿದುಕೊಂಡು ಮಂಚದ ಪಕ್ಕ ಕೂತಿದ್ದಳು, ಬಾಯಿ, ಸಂಶೋಧನೆಗೆ ಸ್ವಲ್ಪ ರಕ್ತ ಕೊಡುತ್ತೀರಾ, ಇದರಿಂದ ನನಗೇನು ಎಂದೆ, ನಿಮಗಲ್ಲ, ಮುಂದಿನವರಿಗೆ ಎಂದಳು, ಆ ಮಾತಿನಲ್ಲಿ ಮೋಸ ಇರಲಿಲ್ಲ, ಕೊಟ್ಟೆ, ಹೆಬ್ಬೆರಳಲ್ಲ, ಸಹಿ ಮಾಡಿದೆ. ನಿಮ್ಮ ಮೊಬೈಲ್ ನಂಬರ್ ಎಂದಳು. ನನ್ನ ಫೋನು ದಿಂಬಿನ ಕೆಳಗೇ ಇತ್ತು, ನನ್ನ ಸಂಬಳದಲ್ಲಿ ಕೊಂಡದ್ದು. ಮನೆಯವರದು ಬರಿ ಎಂದೆ. ಯಾವಾಗಲೂ ಹಾಗೆಯೇ, ಗ್ಯಾಸಿಗೆ, ರೇಷನ್ನಿಗೆ, ಬ್ಯಾಂಕಿಗೆ, ಮಗಳ ಶಾಲೆಗೆ, ನಂಬರು ಎಂದರೆ ಇವರ ನಂಬರು, ನಾಲಿಗೆಗೆ ಅದೊಂದೇ ಬಾಯಿಪಾಠ, ನನ್ನ ನಂಬರು ಕೇಳಿದರೆ ನಾನೇ ಫೋನು ತೆಗೆದು ನೋಡಬೇಕು. ಸ್ಟೋರಿನಲ್ಲಿ ಎರಡು ಸಾವಿರ ಪಾರ್ಟ್ ನಂಬರು ಬಾಯಲ್ಲಿದೆ, ನನ್ನದಿಲ್ಲ. ಹುಡುಗಿ ಇನ್ನೊಮ್ಮೆ ಕೇಳಿದಳು, ನಿಮ್ಮದೇ ಕೊಡಿ ಬಾಯಿ, ಏನಾದರೂ ತಿಳಿದರೆ ನಿಮಗೇ ಹೇಳಬೇಕಲ್ಲ. ಅವರಿಗೆ ಹೇಳು, ಅವರು ಹೇಳ್ತಾರ ನನಗ ಎಂದೆ.

ಮೇಡಮ್, ನಿಲ್ಸಿ, ಎಲ್ಲಾ ಇಲ್ಲೇ ಸೇರ್ತಾರೆ. ನಡುನೀರಿನಲ್ಲಿ ದೋಣಿಗಳು ಗುಂಪಾಗಿ ಒಂದಕ್ಕೊಂದು ತಾಗುತ್ತಿವೆ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿದು ಟೊಳ್ಳು ಸದ್ದು, ದೊಡ್ಡ ಮೋಟಾರು ದೋಣಿಯಲ್ಲಿ ಡಾಕ್ಟರ್ ಬಾಯಿ ಮೈಕು ಹಿಡಿದು ನಿಂತಿದ್ದಾರೆ, ಬಿಳಿ ಕೂದಲು, ಬಿಸಿಲಿನ ಟೊಪ್ಪಿಗೆ, ಒಳ್ಳೆಯವರ ಮುಖ, ಮಾತೂ ಒಳ್ಳೆಯದೇ, ಮರಾಠಿಯಲ್ಲಿ ನಿಧಾನವಾಗಿ ಹೇಳುತ್ತಾರೆ, ಈ ತಾಯಂದಿರು ಕೊಟ್ಟ ರಕ್ತದಿಂದ ನಮಗೆ ಏನು ಸಿಕ್ಕಿತು ಎಂದು ನೀವು ಕೇಳಬಹುದು, ಕೆಲವರಲ್ಲಿ ಈ ಕಾಯಿಲೆ ವಂಶದಲ್ಲಿ ಇಳಿದು ಬರುವಂಥದು ಎಂದು ಸಿಕ್ಕಿತು, ತಾಯಿಯಿಂದ ಮಗಳಿಗೆ, ಎಲ್ಲ ಮಗಳಿಗೂ ಅಲ್ಲ, ಆದರೆ ಬರಬಹುದು, ಬಂದರೆ ಎಳೆಯ ವಯಸ್ಸಿಗೇ ಬರಬಹುದು, ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಗೊತ್ತಾದರೆ ಮುಂಚೆಯೇ ಕಾವಲು ಕಾಯಬಹುದು, ಉಳಿಸಬಹುದು. ಯಾರಲ್ಲಿ ಸಿಕ್ಕಿತೋ ಅಂಥ ಪ್ರತಿಯೊಂದು ಮನೆಗೂ ನಾವು ಫೋನು ಮಾಡಿದ್ದೇವೆ, ಒಮ್ಮೆ ಅಲ್ಲ, ಉತ್ತರ ಬರುವ ತನಕ ಮಾಡಿದ್ದೇವೆ, ಮಗಳನ್ನು ಕರೆದುಕೊಂಡು ಬನ್ನಿ ಎಂದಿದ್ದೇವೆ, ತಾಯಿ ಉಳಿಯದ ಮನೆಯವರೂ ಬಂದರು, ಹಣ ಬೇಡ, ಪರೀಕ್ಷೆ ನಮ್ಮದು, ನೀವು ಇವತ್ತು ಹಾಕುವ ಒಂದೊಂದು ಹುಟ್ಟೂ ಅದಕ್ಕೇ. ಚಪ್ಪಾಳೆ. ಹುಟ್ಟು ಹಿಡಿದ ಕೈಯಲ್ಲಿ ಚಪ್ಪಾಳೆ ಹೇಗೆ ತಟ್ಟುವುದು, ಎಲ್ಲರೂ ಹುಟ್ಟಿನಿಂದ ನೀರು ಬಡಿಯುತ್ತಿದ್ದಾರೆ.

ಉತ್ತರ ಬರುವ ತನಕ. ಉತ್ತರ ಕೊಟ್ಟರಲ್ಲ ಇವರು. ಆ ತಿಂಗಳು ಫೋನು ಬಹಳ ಬರುತ್ತಿತ್ತು, ಈಗ ನೆನಪಾಗುತ್ತದೆ, ನೋಡಿ ಕತ್ತರಿಸುತ್ತಿದ್ದರು, ಯಾರದ್ರಿ ಎಂದರೆ ಲೋನ್ ಬೇಕೇನಂತ ತಲಿ ತಿಂತಾರ ಎನ್ನುತ್ತಿದ್ದರು. ಒಂದು ದಿನ ಮಾತ್ರ ಪೂರ್ತಿ ಕೇಳಿಸಿಕೊಂಡಿರಬೇಕು, ಆವತ್ತು ಊಟಕ್ಕೆ ಕೂತವರು ರೊಟ್ಟಿ ಮುರಿಯದೆ ಕೇಳಿದರು, ನಿಮ್ಮವ್ವನ ತಂಗಿ, ನಿಮ್ಮ ಸಣ್ಣವ್ವ ಹೋದ್ಲಲ್ಲ, ಅಕಿಗೂ ಇದೇ ಆಗಿತ್ತೇನು. ಇರಬೇಕ್ರಿ, ಆಗ ಯಾರ್ ನೋಡ್ಯಾರ, ಎದ್ಯಾಗ ಗಂಟಾಗಿತ್ತು ಅಂತಿದ್ರು, ಮೂವತ್ತೈದಕ್ಕ ಹೋದ್ಲು ಎಂದೆ. ಆಮೇಲೆ ರೊಟ್ಟಿ ಮುರಿದು, ಸ್ನೇಹಲ್ ನಮ್ಮ ಕಡೆ ಹೋಲ್ತಾಳ, ಮೂಗು ಹಣಿ ಎಲ್ಲಾ ನಮ್ಮ ಅವ್ವಂದೇ ಎಂದರು. ಹೌದ್ರಿ ಎಂದೆ, ಮಗಳು ತನ್ನ ತಾಯಿಯನ್ನು ಹೋಲುತ್ತಾಳೆ ಎಂದು ಹೇಳಿಕೊಂಡು ಸಂತೋಷಪಡುತ್ತಿದ್ದಾರೆ, ಪಡಲಿ ಎಂದುಕೊಂಡು ಇನ್ನೊಂದು ಚಮಚ ತುಪ್ಪ ಹಾಕಿದೆ. ತುಪ್ಪ ಹಾಕಿದೆನಲ್ಲ ನಾನು. ಗೊತ್ತಿತ್ತು. ಅವರಿಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು, ನನ್ನ ರಕ್ತದಲ್ಲಿ ಏನು ಸಿಕ್ಕಿದೆ, ಮಗಳಿಗೆ ಏನು ಬರಬಹುದು ಎಂದು ಗೊತ್ತಿದ್ದು ಮೂಗು ನೋಡಿದ, ಹಣೆ ನೋಡಿದ, ಬಣ್ಣ ಹೊಂದಿಸಿದ ಹಾಗೆ ತನಗೆ ಬೇಕಾದ ಕಡೆಗೆ ಹೊಂದಿಸಿಕೊಂಡ. ಆಮೇಲೆ ಭೋರದವರು ಒಳಗೆ ಕೂತು ನನ್ನ ಅವಲಕ್ಕಿ ತಿನ್ನುವಾಗ ಮತ್ತೆ ಫೋನು, ಇನ್ನು ಹೀಗೆ ಮಾಡುತ್ತಲೇ ಇದ್ದರೆ ಸಂಬಂಧ ತಪ್ಪುತ್ತದೆ, ಒಂದೇ ಮಾತಿನಲ್ಲಿ ಮುಗಿಸಬೇಕು, ಮುಗಿಸಿದ. ಅವಳು ಹೋದಳು ಎಂದ. ಯಾವಾಗ ಎಂದು ಕೇಳಿರುತ್ತಾರೆ. ಇವತ್ತೇ. ಇವತ್ತು ಸತ್ತ ಮನೆಗೆ ಮಗಳ ವಿಚಾರ ಯಾರು ಎತ್ತುತ್ತಾರೆ, ಒಳ್ಳೆಯ ಜನ, ಮರುಗಿರುತ್ತಾರೆ, ಆಮೇಲೆ ಎಂದಾದರೂ ಹೆಸರು ಹಾಕಬಹುದೇ ಎಂದು ಕೇಳಿರುತ್ತಾರೆ, ಆಗ ಮಗಳ ಮಾತು ಎತ್ತಿದರೂ ನೋಡೂಣ್ರಿ ಎಂದು ಜಾರಿರುತ್ತಾನೆ, ಹಾಕ್ರಿ, ಭಾಳ ಧೈರ್ಯದ ಹೆಣಮಗಳಿದ್ಲು. ಆಗ ತಡವರಿಸಿದನೋ, ಇಲ್ಲ ಸರಾಗವಾಗಿ ಬಂತೋ.

ಥೂ. ಸ್ನೇಹಲ್‌ಗೆ ಈಗ ಐದು ತಿಂಗಳು, ಬಸುರಿಗೆ ಹಸಿರು ಸೀರೆ ಉಡಿಸಿ ಕುಬಸ ಮಾಡಬೇಕು, ಇಪ್ಪತ್ತೇಳು ಅವಳಿಗೆ, ಸಣ್ಣವ್ವನಿಗೆ ಗಂಟು ಕಂಡಾಗ ಮೂವತ್ತಮೂರು, ಎಳೆಯ ವಯಸ್ಸಿಗೇ ಬರಬಹುದು ಎಂದರಲ್ಲ ಆ ಬಾಯಿ, ಎರಡು ವರ್ಷ ಹಾಳಾಯಿತು, ಎರಡು ವರ್ಷದಲ್ಲಿ ಏನು ಬೆಳೆದಿರುತ್ತದೋ. ಮೈಕು ಹೆಸರು ಓದಲು ಶುರು ಮಾಡಿತು, ಬಿಳಿ ರಿಬ್ಬನ್ನಿನವು, ಒಂದೊಂದು ಹೆಸರಿಗೂ ಆ ದೋಣಿಯವರು ಒಂದು ಚೆಂಡುಹೂ ನೀರಿಗೆ ಬಿಡಬೇಕು, ಮಿಥುನ ಹಿಂದಿನಿಂದ ನನ್ನ ಕೈಗೆ ಹೂ ಕೊಟ್ಟ, ಬೆಚ್ಚಗಿತ್ತು, ಇಷ್ಟು ಹೊತ್ತು ಜೇಬಿನಲ್ಲಿಟ್ಟುಕೊಂಡಿದ್ದ. ಕೈಲಾಸವಾಸಿ ಸೌಭಾಗ್ಯವತಿ ಕಲ್ಲವ್ವ ಕಾಶಪ್ಪ ಬಳಿಗಾರ. ಇಷ್ಟು ಜನರ ನಡುವೆ ನನ್ನ ಹೆಸರನ್ನು ಇಷ್ಟು ಪೂರ್ತಿಯಾಗಿ ಯಾರೂ ಕೂಗಿರಲಿಲ್ಲ. ಈಗ ಎದ್ದು ನಿಲ್ಲಬೇಕು, ನಿಂತರೆ ದೋಣಿ ಮಗುಚುತ್ತದೆ, ಕೂತಲ್ಲಿಂದಲೇ ಕೂಗಬೇಕು, ಇಲ್ಲಿದ್ದೇನೆ ಬಾಯಿ, ಜೀವಂತ ಇದ್ದೇನೆ, ಮಗಳಿದ್ದಾಳೆ, ಭೋರದಲ್ಲಿ, ಬರೆದುಕೊಳ್ಳಿ ಅವಳ ನಂಬರು — ಹೂ ಬಿಟ್ಟೆ. ಕೈ ಬಿಟ್ಟಿತು. ಮಿಥುನ ತಲೆ ಬಗ್ಗಿಸಿದ, ಪಾಪದ ಹುಡುಗ, ಕಣ್ಣು ಮುಚ್ಚಿ ನನಗೆ ಶಾಂತಿ ಕೋರುತ್ತಿದ್ದಾನೆ. ಒಂದು ನಿಮಿಷ ಮೌನ ಎಂದಿತು ಮೈಕು.

ಇಷ್ಟು ಸದ್ದಿಲ್ಲದ ನೀರಿನಲ್ಲಿ ಫೋನು ತೆಗೆದೆ, ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಒತ್ತಿದೆ, ಸ್ನೇಹಲ್, ಮೇಡಮ್, ಸೈಲೆನ್ಸ್ ಇದೆ ಎಂದು ಹಿಂದಿನಿಂದ ಪಿಸುಗುಟ್ಟಿದ, ಇರಲಿ, ಆ ಮೌನ ನನ್ನದೇ, ನಾನು ಮುರಿದರೆ ಯಾರಿಗೇನು, ಹೇಳಿಬಿಡುತ್ತೇನೆ, ಸ್ನೇಹಲ್, ನಾಳೆಯೇ ಬಾ, ಒಂದು ರಕ್ತ ಪರೀಕ್ಷೆ, ಯಾರು ಏನಾದರೂ ಅಂದುಕೊಳ್ಳಲಿ, ಮೂರು ಸಲ ರಿಂಗಾಯಿತು, ನಾಲ್ಕು, ತಗಾ ತಾಯಿ, ಹಾಂ ಹೇಳ್ರಿ ಬೀಗತೇರ ಎಂದಿತು ಫೋನು. ಅವಳ ಅತ್ತೆ. ಸ್ನೇಹಲ್ ಜಳಕಕ್ಕ ಹೋಗ್ಯಾಳ್ರಿ, ಇಷ್ಟ ಮುಂಜಾನೆ ಮಾಡೀರಿ, ಏನರೆ ಅರ್ಜಂಟ್ ಇತ್ತೇನ್ರಿ. ಹಿಂದೆ ಕುಕ್ಕರಿನ ಸೀಟಿ, ಒಗ್ಗರಣೆಯ ಚಟಪಟ, ಒಳ್ಳೆಯ ಹೆಂಗಸು, ಸೊಸೆಗೆ ದಿನಾ ಬೆಳಗ್ಗೆ ಬಾದಾಮಿ ಅರೆದು ಕೊಡುತ್ತಾರಂತೆ, ಹೇಳು, ಈಗಲೇ ಹೇಳು, ಇವರಿಗೇ ಹೇಳು, ನನಗೆ ಇತ್ತು, ಅವಳಿಗೂ ಇರಬಹುದು, ಮುಚ್ಚಿಟ್ಟೆವು, ತಪ್ಪಾಯಿತು, ಮೂರು ಮಾತು, ಮಗಳ ಜೀವ. ನಿಮ್ಮ ಆರೋಗ್ಯ ಹೆಂಗದ್ರಿ, ಧ್ವನಿ ಯಾಕೋ ಸಣ್ಣಾಗೇದ ಎಂದರು. ನನಗೇನಾಗ್ಯದ್ರಿ, ಗುಂಡಕಲ್ಲಿನಂಗ ಅದೀನಿ, ನಾನು ಹೇಳಿದೆ, ನನ್ನ ಬಾಯಿಯೇ, ಏನಿಲ್ರಿ, ಕುಬಸಕ್ಕ ಸೀರಿ ತರಬೇಕಲ್ರಿ, ಹಸರಿನಾಗ ಯಾವ ಬಣ್ಣ ಬೇಕಂತ ಕೇಳೂಣು ಅಂತ ಮಾಡಿದ್ದೆ. ಅಯ್ಯ, ಅಷ್ಟೇನ್ರಿ, ನಾ ಏನೋ ಅಂತ ಅಂಜಿದ್ದೆ, ಗಿಣಿ ಹಸರ ತರ್ರಿ, ನಮ್ಮ ಬೀಗರಿಗೆ ಹೇಳಬೇಕೇನ್ರಿ, ಅವರ ಕೈಯಾಗ ಬಣ್ಣ ತಪ್ಪೂದಿಲ್ಲ ಎಂದು ನಕ್ಕರು, ನಾನೂ ನಕ್ಕೆ, ಇಡ್ಲೇನ್ರಿ ಫೋನು, ಇಡ್ರಿ. ಮೌನದ ನಿಮಿಷ ಮುಗಿದು ಹಾಡು ಹಾಕಿದ್ದಾರೆ, ದೋಣಿಗಳು ತಿರುಗುತ್ತಿವೆ, ಬಿಟ್ಟ ಹೂ ಎಲ್ಲಿಗೂ ಹೋಗದೆ ಕಾರ್ಡಿನ ಕೆಳಗೇ ಮೂತಿಗೆ ತಾಗಿಕೊಂಡು ನಿಂತಿದೆ, ಹೋ ಮೇಡಮ್, ಲೆಫ್ಟ್ ಮೇಡಮ್, ಹುಟ್ಟು ಹಿಡ್ಕೊಳ್ಳಿ ಎನ್ನುತ್ತಾನೆ ಮಿಥುನ, ಹಿಡಿಯಬೇಕು, ಕೈ ಬರುತ್ತಿಲ್ಲ, ಕೈ ಕೊರಳಿನ ಚೀಲದ ಹತ್ತಿರ ಇದೆ, ಟಕ್, ಹೆಬ್ಬೆರಳು ಕ್ಲಿಪ್ಪಿನ ಮೇಲೆ, ಎಷ್ಟು ಹೊತ್ತಿನಿಂದಲೋ, ಮಾತಾಡುವಾಗೆಲ್ಲ ಇಲ್ಲೇ ಇತ್ತು, ತೆರೆಯುತ್ತದೆ, ಮುಚ್ಚುತ್ತದೆ, ಬಾಲ್ಕನಿಯಲ್ಲಿ ಆ ಬೆನ್ನು, ಮೇಲೆತ್ತಿದ ಕೈ, ಟವೆಲ್ ಸರಿದಿದೆ, ಕೆಳಗೆ ನನ್ನ ಮೈಬಣ್ಣದ ಖಾಲಿ ಚೀಲ ತಂತಿಗೆ ಜೋತಾಡುತ್ತಿದೆ, ಅದರ ಕ್ಲಿಪ್ಪು ಬೆರಳಲ್ಲಿ, ತೆರೆಯುತ್ತದೆ, ಮುಚ್ಚುತ್ತದೆ, ಟಕ್, ಆ ಕೈಯಲ್ಲಿ ನನ್ನ ಬಳೆ, ಟಕ್ —